ಚಪ್ಪಲಿ ಪಟ್ಟಿ ಅಂತ ನಕ್ಕಿದ್ದರು

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನನಗೆ ಪರಿಚಯದ ಒಂದು ವೆಲ್ಡಿಂಗ್ ಶೆಡ್ ಇದೆ. ಹೋದ ಬೇಸಿಗೆಯಲ್ಲಿ ಅಲ್ಲಿ ನಾಲ್ಕೈದು ಇಂಜಿನಿಯರಿಂಗ್ ಹುಡುಗರು ಪುಟ್ಟದೊಂದು ರೇಸ್ ಕಾರು ಕಟ್ಟುತ್ತಿದ್ದರು. ಕಾಲೇಜುಗಳ ನಡುವೆ ನಡೆಯುವ ಸ್ಪರ್ಧೆಗೆ. ಸೀಟಿನ ಹಿಂದೆ ಉಕ್ಕಿನ ಪೈಪಿನ ಒಂದು ಕಮಾನು, ಸ್ಟೇರಿಂಗ್ ಹತ್ತಿರ ಇನ್ನೊಂದು. ಒಬ್ಬ ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತ. ಇನ್ನೊಬ್ಬ ಪೊರಕೆಯ ಉದ್ದ ಕೋಲನ್ನು ಎರಡೂ ಕಮಾನಿನ ನೆತ್ತಿಗೆ ತಾಗುವಂತೆ ಹಿಡಿದ. ಕೋಲಿಗೂ ಹೆಲ್ಮೆಟ್‌ಗೂ ನಡುವೆ ಕನಿಷ್ಠ 50 ಮಿಲಿಮೀಟರ್ ಜಾಗ ಇರಬೇಕು. ಇಲ್ಲದಿದ್ದರೆ ತಪಾಸಣೆಯಲ್ಲೇ ಕಾರು ಫೇಲ್. ಮಗುಚಿ ಬಿದ್ದರೆ ನೆಲ ತಾಗಬೇಕಾದ್ದು ಕಮಾನಿಗೆ, ತಲೆಗಲ್ಲ.

ಹುಡುಗರು ಮೊಬೈಲಿನಲ್ಲಿ ಫಾರ್ಮುಲಾ ಒನ್ ಕಾರಿನ ಫೋಟೋ ತೋರಿಸಿದರು. ಶೆಡ್‌ನ ಉಸ್ತಾದ್ ಕನ್ನಡಕ ಮೇಲೆತ್ತಿ ನೋಡಿ ನಕ್ಕರು. "ಇದೇನು ತಮ್ಮಾ, ಹವಾಯಿ ಚಪ್ಪಲ್ ಪಟ್ಟಿ ಇದ್ದಂಗ ಅದ!"

ಉಸ್ತಾದರಿಗೆ ಗೊತ್ತಿರಲಿಲ್ಲ, ಇಡೀ ಜಗತ್ತೇ ಇದೇ ಮಾತು ಹೇಳಿ ನಕ್ಕಿತ್ತು.

ಆ ಪಟ್ಟಿಯ ಹೆಸರು ಹೇಲೋ. ದೇವರ ಚಿತ್ರಗಳಲ್ಲಿ ತಲೆಯ ಹಿಂದೆ ಇರುವ ಪ್ರಭೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಮುಂದೆ ನಡುವಲ್ಲಿ ಒಂದು ಕಂಬ, ಅಲ್ಲಿಂದ ಕವಲೊಡೆದು ಚಾಲಕನ ತಲೆಯ ಎರಡೂ ಬದಿಯಿಂದ ಹಿಂದಕ್ಕೆ ಹೋಗುವ ಟೈಟಾನಿಯಂ ಬಳೆ. ತೂಕ ಸುಮಾರು 7 ಕೆಜಿ. ತಡೆಯುವುದು ಸುಮಾರು 12 ಟನ್ ಭಾರ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸನ್ನು ಮೇಲೆ ನಿಲ್ಲಿಸಬಹುದು ಅಂತ ಮರ್ಸಿಡಿಸ್ ತಂಡದ ಜೇಮ್ಸ್ ಆಲಿಸನ್ ಹೇಳಿದ್ದರು. ನಮ್ಮೂರಲ್ಲಿ ಡಬಲ್ ಡೆಕ್ಕರ್ ಎಲ್ಲಿದೆ? ಶರಣಬಸವೇಶ್ವರ ಜಾತ್ರೆ ದಿನದ ಬಸ್ ಅಂದುಕೊಳ್ಳಿ.

ತಲೆ ಕಾಯುವ ಜಗಳ ಈ ಆಟದಲ್ಲಿ ಹಳೆಯದು. 1950ರ ದಶಕದಲ್ಲಿ ಚಾಲಕರು ಸೀಟ್ ಬೆಲ್ಟನ್ನೇ ಹಾಕುತ್ತಿರಲಿಲ್ಲ. ಕಾರು ಹೊತ್ತಿಕೊಂಡರೆ ಒಳಗೆ ಸಿಕ್ಕಿಬೀಳುವುದಕ್ಕಿಂತ ಹೊರಗೆ ಎಸೆಯಲ್ಪಡುವುದೇ ವಾಸಿ ಅನ್ನೋದು ಅವರ ಲೆಕ್ಕ. 1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಾಕಿ ಸ್ಟೀವರ್ಟ್ ಕಾರು ಮಳೆಯಲ್ಲಿ ಜಾರಿತು. ಪೆಟ್ರೋಲ್ ಸೋರುತ್ತಿತ್ತು, ಅವರ ಕಾಲು ಸ್ಟೇರಿಂಗ್ ಕೆಳಗೆ ಸಿಕ್ಕಿಕೊಂಡಿತ್ತು. ಬಿಡಿಸಿದ್ದು ಅದೇ ರೇಸಿನ ಇನ್ನಿಬ್ಬರು ಚಾಲಕರು, ಪ್ರೇಕ್ಷಕರೊಬ್ಬರಿಂದ ಎರವಲು ತಂದ ಸ್ಪ್ಯಾನರ್‌ನಿಂದ. ಅಲ್ಲಿಂದಾಚೆ ಸ್ಟೀವರ್ಟ್ ತಮ್ಮ ಕಾರಿನಲ್ಲೇ ಒಂದು ಸ್ಪ್ಯಾನರ್ ಅಂಟಿಸಿಕೊಂಡು ಓಡಿಸಿದರು. ಸುರಕ್ಷತೆ ಅಂತ ಬಾಯಿ ಬಿಟ್ಟಿದ್ದಕ್ಕೆ ಪುಕ್ಕಲ ಅನ್ನಿಸಿಕೊಂಡರು. ನಂತರ ಬೆಲ್ಟ್ ಬಂತು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬಂತು, 2003ರಲ್ಲಿ ಕತ್ತು ಹಿಡಿಯುವ ಪಟ್ಟಿ ಬಂತು. ಆದರೂ ತಲೆ ಮಾತ್ರ ಬಯಲಲ್ಲೇ ಉಳಿಯಿತು. 1994ರ ಮೇ 1ರಂದು ಇಮೋಲಾದಲ್ಲಿ ಐರ್ಟನ್ ಸೆನ್ನಾ ಅವರ ಜೀವ ತೆಗೆದದ್ದೂ ಮುರಿದ ಸಸ್ಪೆನ್ಷನ್ನಿನ ತುಂಡು ತಲೆಗೆ ಬಡಿದ ಪೆಟ್ಟೇ.

ಗಂಭೀರ ಚರ್ಚೆ ಶುರುವಾಗಿದ್ದು 2009ರ ಜುಲೈನಲ್ಲಿ, ಒಂದೇ ವಾರದ ಎರಡು ಘಟನೆಗಳಿಂದ. 19ರಂದು ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಬೇರೆ ಕಾರಿನಿಂದ ಕಳಚಿದ ಚಕ್ರ ಹೆನ್ರಿ ಸರ್ಟೀಸ್ ತಲೆಗೆ ಬಡಿಯಿತು. ಆತನಿಗೆ ಬರೀ 18 ವರ್ಷ. ಅಪ್ಪ ಜಾನ್ ಸರ್ಟೀಸ್ 1964ರ ವಿಶ್ವ ಚಾಂಪಿಯನ್. ಆರು ದಿನ ಕಳೆದು 25ರಂದು ಹಂಗೇರಿಯಲ್ಲಿ, ಮುಂದಿದ್ದ ಕಾರಿನಿಂದ ಬಿದ್ದ ಸ್ಪ್ರಿಂಗ್ ಒಂದು ಪುಟಿದು ಫೆಲಿಪೆ ಮಾಸಾ ಹೆಲ್ಮೆಟ್‌ಗೆ ಹೊಡೆಯಿತು. ಮಾಸಾ ಬದುಕಿದರು. ಶಹಾಬಾದಿನ ಕಲ್ಲು ತುಂಬಿದ ಲಾರಿ ಹಿಂದೆ ಬೈಕ್ ಓಡಿಸಿದವರಿಗೆ ಈ ಭಯ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಎಫ್‌ಐಎ, ಅಂದರೆ ಈ ಆಟದ ನಿಯಮ ಮಾಡುವ ಸಂಸ್ಥೆ, ಪರೀಕ್ಷೆ ಶುರುಮಾಡಿತು. ಯುದ್ಧವಿಮಾನದ ಗಾಜಿನ ಗುಮ್ಮಟಕ್ಕೆ ಚಕ್ರ ಹಾರಿಸಿ ನೋಡಿದರು. ಮರ್ಸಿಡಿಸ್‌ನವರು ಹೇಲೋ ಕಲ್ಪನೆ ಮುಂದಿಟ್ಟರು. 2015ರ ಆಗಸ್ಟಿನಲ್ಲಿ ಅಮೆರಿಕದ ಪೋಕೊನೋದಲ್ಲಿ ಬೇರೆ ಕಾರಿನ ಮೂತಿ ಹಾರಿ ಬಂದು ಬಡಿದು ಜಸ್ಟಿನ್ ವಿಲ್ಸನ್ ತೀರಿಕೊಂಡರು. 2016ರ ಮಾರ್ಚಿನಲ್ಲಿ ಕಿಮಿ ರೈಕೊನೆನ್ ಹೇಲೋ ಹಾಕಿದ ಫೆರಾರಿಯನ್ನು ಬಾರ್ಸಿಲೋನಾದಲ್ಲಿ ಓಡಿಸಿದರು. ರೆಡ್ ಬುಲ್ ತನ್ನದೇ ಗಾಜಿನ ಪರದೆ ತಂದಿತು. 2017ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಇನ್ನೊಂದು ಬಗೆಯ ಪರದೆ ಹಾಕಿ ಓಡಿಸಿದ ಸೆಬಾಸ್ಟಿಯನ್ ವೆಟೆಲ್‌ಗೆ ಒಂದೇ ಸುತ್ತಿಗೆ ತಲೆ ತಿರುಗಿತು. ಅದೇ ತಿಂಗಳು ಎಫ್‌ಐಎ ಘೋಷಿಸಿತು: 2018ರಿಂದ ಹೇಲೋ ಕಡ್ಡಾಯ.

ಬೈಗುಳ ಸುರಿಯಿತು. ಮರ್ಸಿಡಿಸ್ ತಂಡದ ಮುಖ್ಯಸ್ಥ ಟೊಟೊ ವೋಲ್ಫ್, ಗರಗಸ ಕೊಟ್ಟರೆ ನಾನೇ ಕೊಯ್ದು ಹಾಕುತ್ತೇನೆ ಅಂದರು. ಅದೂ ತಮ್ಮದೇ ತಂಡದಿಂದ ಬಂದ ಕಲ್ಪನೆಯನ್ನು! 1976ರಲ್ಲಿ ಬೆಂಕಿಯಲ್ಲಿ ಬೆಂದು ಬದುಕಿ ಬಂದ ನಿಕಿ ಲಾಡಾ ಕೂಡ ವಿರೋಧಿಸಿದರು. ಚಾಲಕ ರೊಮೇನ್ ಗ್ರೋಜಾನ್ ಅಂತೂ ಖಡಾಖಡಿ ಬೇಡ ಅಂದವರು.

ವಿರೋಧವೆಲ್ಲ ಬರೀ ಅಂದದ ಮಾತಲ್ಲ. ಕಣ್ಣೆದುರೇ ಕಂಬ ಇದ್ದರೆ ದಾರಿ ಕಾಣುವುದು ಹೇಗೆ ಅಂತ ಕೇಳಿದರು. ಇದನ್ನು ನೀವೇ ನೋಡಬಹುದು. ದರ್ಗಾದ ಗುಮ್ಮಟವೋ ದೂರದ ನೀರಿನ ಟ್ಯಾಂಕೋ ನೋಡುತ್ತಾ, ಒಂದು ಬೆರಳನ್ನು ಮೂಗಿನ ಮುಂದೆ ಮೊಳ ದೂರದಲ್ಲಿ ಹಿಡಿಯಿರಿ. ಬೆರಳು ಎರಡಾಗಿ ಮಸುಕಾಗುತ್ತದೆ, ಗುಮ್ಮಟ ಪೂರ್ತಿ ಕಾಣುತ್ತದೆ. ಒಂದು ಕಣ್ಣಿಗೆ ಮರೆಯಾದದ್ದನ್ನು ಇನ್ನೊಂದು ಕಣ್ಣು ನೋಡಿಕೊಳ್ಳುತ್ತದೆ. ಚಾಲಕರು ಕಂಬವನ್ನು ಬೇಗ ಮರೆತದ್ದು ಹೀಗೆ. ಎರಡನೇ ಆಕ್ಷೇಪ ಗಟ್ಟಿಯಾಗಿತ್ತು: ಬೆಂಕಿ ಹತ್ತಿದರೆ ಹೊರಬರುವುದು ಹೇಗೆ? ಚಾಲಕ ಕಾರಿನಿಂದ ಇಳಿಯಲು ಇದ್ದ 5 ಸೆಕೆಂಡಿನ ಗಡುವನ್ನು ಹೇಲೋ ಬಂದ ಮೇಲೆ 7 ಮಾಡಬೇಕಾಯಿತು.

ಬೇಡ ಅಂದವರನ್ನು ಸುಮ್ನೆ ಬೈಯಲು ನನಗೆ ಬಾಯಿ ಬರುವುದಿಲ್ಲ. 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಬೈಕಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾದಾಗ ನಾವೇನು ಮಾಡಿದೆವು? ಈ ಬಿಸಿಲಲ್ಲಿ ತಲೆ ಬೇಯುತ್ತೆ, ಕೂದಲು ಉದುರುತ್ತೆ, ಹಿಂದಿನ ಹಾರ್ನ್ ಕೇಳಲ್ಲ. ನಾನೂ ಅಂದವನೇ. ನನ್ನ ಹೆಲ್ಮೆಟ್ ಎಷ್ಟೋ ದಿನ ಬೈಕಿನ ಕನ್ನಡಿಗೆ ನೇತಾಡಿಕೊಂಡೇ ಊರು ಸುತ್ತಿದೆ.

ಸರಿ, ಹೇಲೋ ಬಂತು. ಈ ಕಥೆಯಲ್ಲಿ ನನಗೆ ವಿಚಿತ್ರ ಅನ್ನಿಸುವುದು ಇಲ್ಲಿಂದ ಮುಂದಿನದು. ಚರ್ಚೆ ಹುಟ್ಟಿಸಿದ ಎರಡು ಘಟನೆಗಳಲ್ಲಿ ಒಂದಾದ ಮಾಸಾ ಸ್ಪ್ರಿಂಗ್‌ನಂಥ ಸಣ್ಣ ಚೂರಿಗೆ ಹೇಲೋದಲ್ಲಿ ಪೂರ್ತಿ ಉತ್ತರವಿಲ್ಲ. ಪಟ್ಟಿಗಳ ನಡುವೆ ಜಾಗ ಖಾಲಿಯೇ. ಆ ಖಾಲಿ ಜಾಗಕ್ಕೂ ಗಾಜು ಹಾಕಿದವರು ಅಮೆರಿಕದ ಇಂಡಿಕಾರ್ ರೇಸ್‌ನವರು, 2020ರಲ್ಲಿ. ಹೇಲೋ ಹೆಸರು ಮಾಡಿದ್ದು ಬೇರೆ ಕಡೆ. 2018ರ ಆಗಸ್ಟಿನಲ್ಲಿ ಸ್ಪಾದಲ್ಲಿ ಅಲೊನ್ಸೊ ಕಾರು ಹಾರಿ ಶಾರ್ಲ್ ಲೆಕ್ಲರ್ ತಲೆ ಮೇಲಿಂದ ಹೋಯಿತು, ಪಟ್ಟಿಯ ಮೇಲೆ ಗೀರಷ್ಟೇ ಉಳಿಯಿತು. 2021ರಲ್ಲಿ ಮೊಂಜಾದಲ್ಲಿ ವೆರ್‌ಸ್ಟಾಪನ್ ಕಾರಿನ ಹಿಂದಿನ ಚಕ್ರ ಹ್ಯಾಮಿಲ್ಟನ್ ನೆತ್ತಿಯ ಮೇಲೇ ಬಂದು ಕೂತಿತು.

ನಡುವೆ 2020ರ ನವೆಂಬರ್ 29, ಬಹರೇನ್. ಗ್ರೋಜಾನ್ ಕಾರು ಮೊದಲ ಸುತ್ತಿನಲ್ಲೇ ಕಬ್ಬಿಣದ ತಡೆಬೇಲಿಗೆ ನುಗ್ಗಿ ಎರಡು ತುಂಡಾಯಿತು, ಹೊತ್ತಿ ಉರಿಯಿತು. ಬೇಲಿಯ ತಗಡುಗಳ ಸಂದಿಯಲ್ಲಿ ತಲೆಗೆ ದಾರಿ ಮಾಡಿಕೊಟ್ಟದ್ದು ಹೇಲೋ. ಅರ್ಧ ನಿಮಿಷದೊಳಗೆ ಅವರು ಸುಟ್ಟ ಕೈಗಳಲ್ಲಿ ಎದ್ದು ಬಂದರು. ಯಾವ ಬೆಂಕಿಗೆ ಹೆದರಿ ಕೆಲವರು ಹೇಲೋ ಬೇಡ ಅಂದಿದ್ದರೋ ಅದೇ ಬೆಂಕಿ. ಹೇಲೋ ಇಲ್ಲದಿದ್ದರೆ ನಿಮ್ಮ ಮುಂದೆ ಮಾತಾಡಲು ನಾನಿರುತ್ತಿರಲಿಲ್ಲ ಎಂದು ಗ್ರೋಜಾನ್ ಆಸ್ಪತ್ರೆಯಿಂದಲೇ ಹೇಳಿದರು.

ಇದಿಷ್ಟನ್ನೂ ಶೆಡ್‌ನಲ್ಲಿ ಚಹಾ ಕುಡಿಯುತ್ತಾ ಹೇಳಿದೆ. ಉಸ್ತಾದ್ ಕೇಳಿದರು, ಹೂಂ ಅಂದರು. ಕೊನೆಗೆ ಒಬ್ಬ ಹುಡುಗ 2022ರ ಸಿಲ್ವರ್‌ಸ್ಟೋನ್ ವಿಡಿಯೋ ಹಾಕಿದ. ಚೀನಾದ ಜೌ ಗ್ವಾನ್ಯೂ ಕಾರು ತಲೆಕೆಳಗಾಗಿ ಟಾರಿನ ಮೇಲೆ ಉಜ್ಜಿಕೊಂಡು ಹೋಗಿ, ಟೈರಿನ ಗೋಡೆ ಹಾರಿ, ಬೇಲಿಗೆ ಸಿಕ್ಕಿಕೊಂಡಿತು. ತಲೆಯ ಹಿಂದಿನ ಕಮಾನು ಮುರಿದೇ ಹೋಗಿತ್ತು. ಹೇಲೋ ನಿಂತಿತ್ತು, ಜೌ ಬದುಕಿದರು.

ಉಸ್ತಾದ್ ಲೋಟ ಕೆಳಗಿಟ್ಟರು. "ಚಪ್ಪಲ್ ಪಟ್ಟಿ ಹೋಗ್ಲಿ. ಹಿಂದಿನ ಕಮಾನು ಯಾಕ ಮುರೀತು?"

ಅದರ ತುದಿ ಚೂಪಾಗಿದ್ದರೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ ಅಂತ 2023ರಿಂದ ಮೇಲ್ಭಾಗ ದುಂಡಗೇ ಇರಬೇಕು ಎಂದು ನಿಯಮ ಮಾಡಿದ್ದಾರೆ ಅಂದೆ. ಅವರು ಎದ್ದು ಹೋಗಿ ಹುಡುಗರ ಕಾರಿನ ಹಿಂದಿನ ಕಮಾನಿನ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು.

"ತಮ್ಮಾ, ಗ್ರೈಂಡರ್ ಕೊಡು."