ಬೀದಿ ನಾಯಿಯ ರಕ್ತ, ಲ್ಯಾಬ್ರಡಾರ್‌ನ ಜೀವ

ನಾಯಿ ಸಾಕಿದವರ ಮೊಬೈಲ್‌ಗಳಲ್ಲಿ ಆಗಾಗ ಒಂದು ಸಂದೇಶ ಓಡಾಡುತ್ತದೆ. ಮೈಗಂಟಿ ರಕ್ತ ಹೀರುವ ಉಣ್ಣೆ ಹುಳು ತರುವ ಉಣ್ಣೆ ಜ್ವರದಿಂದ ಮಲಗಿರುವ ಲ್ಯಾಬ್ರಡಾರ್‌ಗೆ ತುರ್ತಾಗಿ ರಕ್ತ ಬೇಕಾಗಿದೆ, 25 ಕೆ.ಜಿ.ಗಿಂತ ಹೆಚ್ಚು ತೂಕದ ಆರೋಗ್ಯವಂತ ನಾಯಿ ಇದ್ದವರು ದಯವಿಟ್ಟು ತಿಳಿಸಿ ಎಂದು. ಕೆಲವರು ಕೈಮುಗಿದ ಚಿತ್ರ ಕಳಿಸಿ ಕರ್ತವ್ಯ ಮುಗಿಸುತ್ತಾರೆ. ಕೆಲವರು ಪರಂಗಿ ಎಲೆಯ ರಸ ಕುಡಿಸಿ ಎಂದು ಸಲಹೆ ಕೊಡುತ್ತಾರೆ. ರಕ್ತ ಕೊಡಬಲ್ಲ ನಾಯಿ ಇರುವವರು ಮಾತ್ರ ಸುಮ್ಮನಿರುತ್ತಾರೆ. ಅವರ ನಾಯಿ ನಾಟಿ, ಯಾವುದೋ ಮಳೆಗಾಲದಲ್ಲಿ ಗೇಟಿನ ಬಳಿ ಸಿಕ್ಕಿದ್ದು. ಅದರ ರಕ್ತ ಲ್ಯಾಬ್ರಡಾರ್‌ಗೆ ಹೇಗೆ ಹೊಂದೀತು ಎಂಬ ಸಂಕೋಚ. ಕೇಳುವವರ ಕಡೆಯಿಂದಲೂ ಅಷ್ಟೇ: ಜಾತಿ ನಾಯಿಯದ್ದೇ ಸಿಕ್ಕರೆ ಒಳ್ಳೆಯದು ಎಂಬ ಮಾತು ನಿಧಾನವಾಗಿ ಹೊರಬರುತ್ತದೆ. ಮನುಷ್ಯರ ರಕ್ತನಿಧಿಯಲ್ಲಿ ಬಾಟಲಿಯ ಜಾತಿ ಕೇಳುವ ಧೈರ್ಯ ನಮಗಿಲ್ಲ. ಆ ಆಸೆಯನ್ನು ನಾಯಿಯ ಮೇಲೆ ತೀರಿಸಿಕೊಳ್ಳುತ್ತಿದ್ದೇವೆ ಎಂದು ನನ್ನ ಗುಮಾನಿ.

ರಕ್ತಕ್ಕೆ ತಳಿ ಗೊತ್ತಿಲ್ಲ. ಮುಧೋಳ, ಪಗ್, ಬೀದಿಯ ಕಂದು ನಾಯಿ ಎಲ್ಲವೂ ಒಂದೇ ಪ್ರಭೇದ. ಅವುಗಳ ಕೆಂಪು ರಕ್ತಕಣಗಳ ಮೇಲಿರುವ ಗುರುತುಗಳು ತಳಿಯ ಗೆರೆಯನ್ನು ದಾಟಿ ಹಂಚಿಹೋಗಿವೆ. ಇವುಗಳಲ್ಲಿ ಪಶುವೈದ್ಯರು ಹೆಚ್ಚು ಲಕ್ಷ್ಯ ಕೊಡುವುದು ಡಿಇಎ 1 (ಡಾಗ್ ಎರಿಥ್ರೋಸೈಟ್ ಆಂಟಿಜೆನ್, ಅಂದರೆ ನಾಯಿಯ ಕೆಂಪು ಕಣದ ಗುರುತು) ಎಂಬುದಕ್ಕೆ. ಸುಮಾರಾಗಿ ಅರ್ಧದಷ್ಟು ನಾಯಿಗಳಲ್ಲಿ ಅದು ಇರುತ್ತದೆ, ಉಳಿದವುಗಳಲ್ಲಿ ಇರುವುದಿಲ್ಲ. ತಳಿಯಿಂದ ತಳಿಗೆ ಈ ಪಾಲು ಏರುಪೇರಾಗುತ್ತದೆ ಅಷ್ಟೆ. ಆದರೆ ನಾಯಿಗಳ ವಿಷಯದಲ್ಲಿ ನಿಜವಾದ ಸೋಜಿಗ ಇದಲ್ಲ. ಹಿಂದೆ ಎಂದೂ ರಕ್ತ ಪಡೆಯದ ನಾಯಿಗೆ ಈ ಗುರುತು ಹೊಂದದ ರಕ್ತವನ್ನೇ ಕೊಟ್ಟರೂ ಮೊದಲ ಸಲ ಅದು ಸಾಮಾನ್ಯವಾಗಿ ಏನೂ ಆಗದಂತೆ ಒಪ್ಪಿಕೊಂಡುಬಿಡುತ್ತದೆ. ಮನುಷ್ಯನಲ್ಲಿ ಇದೇ ಪ್ರಯೋಗ ಮಾಡಿದರೆ, ಎ ಗುಂಪಿನ ರಕ್ತವನ್ನು ಬಿ ಗುಂಪಿನವನಿಗೆ ಏರಿಸಿದರೆ, ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ.

ಯಾಕೆ ಈ ವ್ಯತ್ಯಾಸ? ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಮೈಮೇಲೆ ಎ ಮತ್ತು ಬಿ ಗುರುತುಗಳನ್ನು ಹೋಲುವ ಸಕ್ಕರೆಯ ಎಳೆಗಳಿರುತ್ತವೆ. ಮಗು ಹುಟ್ಟಿದ ಕೆಲವು ತಿಂಗಳಲ್ಲೇ ಆ ಎಳೆಗಳ ವಿರುದ್ಧ ಪ್ರತಿಕಾಯಗಳು (ಪರಕೀಯವಾದದ್ದನ್ನು ಗುರುತಿಸಿ ಹಿಡಿಯುವ ಆಂಟಿಬಾಡಿಗಳು) ತಯಾರಾಗುತ್ತವೆ. ತನ್ನ ರಕ್ತದಲ್ಲೇ ಇರುವ ಗುರುತಿಗೆ ದೇಹ ಪ್ರತಿಕಾಯ ಮಾಡುವುದಿಲ್ಲ. ಇಲ್ಲದ ಗುರುತಿಗೆ ಮಾಡಿಟ್ಟುಕೊಳ್ಳುತ್ತದೆ. ಹೀಗಾಗಿ ಬೇರೆಯವರ ಒಂದು ಹನಿ ರಕ್ತವನ್ನೂ ಕಾಣದ ಹಸುಗೂಸಿನಲ್ಲೂ ಪರಕೀಯ ರಕ್ತದ ವಿರುದ್ಧ ಆಯುಧ ಸಿದ್ಧ. ನಾಯಿಯಲ್ಲಿ ಡಿಇಎ 1ರ ವಿರುದ್ಧ ಹೀಗೆ ಮುಂಚಿತವಾಗಿ ಸಿದ್ಧವಾದ ಪ್ರತಿಕಾಯ ಇರುವುದಿಲ್ಲ. ನಮ್ಮಲ್ಲೇ ಇದಕ್ಕೆ ಹತ್ತಿರದ್ದು ಆರ್‌ಎಚ್ ಗುರುತು: ಆರ್‌ಎಚ್ ನೆಗೆಟಿವ್ ತಾಯಿಗೆ ಮೊದಲ ಬಸಿರಿನಲ್ಲಿ ಸಾಮಾನ್ಯವಾಗಿ ತೊಂದರೆಯಾಗದೆ, ಎರಡನೆಯದರಲ್ಲಿ ಆಗುವುದೂ ಇದೇ ತರ್ಕದಿಂದ.

ಮದುವೆ ಮನೆಯ ಪಂಕ್ತಿಯಲ್ಲಿ ಕರೆಯದೆ ಬಂದವನೊಬ್ಬ ಕುಳಿತ ಎನ್ನಿ. ಹೆಣ್ಣಿನ ಕಡೆಯವರು ಅವನನ್ನು ಗಂಡಿನ ಕಡೆಯವನೆಂದುಕೊಳ್ಳುತ್ತಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದು. ಕೋಸಂಬರಿಯಿಂದ ಮಜ್ಜಿಗೆಯವರೆಗೆ ಎಲ್ಲವನ್ನೂ ಬಡಿಸುತ್ತಾರೆ. ಕಂಬದ ಪಕ್ಕ ನಿಂತ ಸೋದರಮಾವನೊಬ್ಬ ಮಾತ್ರ ಆ ಮುಖವನ್ನು ನೋಡಿಟ್ಟುಕೊಳ್ಳುತ್ತಾನೆ. ಬೀಗರು ಹೊರಟ ಮೇಲೆ ನಾಲ್ಕು ಮನೆಯಲ್ಲಿ ವಿಚಾರಿಸುತ್ತಾನೆ, ಅವನು ಯಾರ ಕಡೆಯವನೂ ಅಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ, ತನ್ನ ಹುಡುಗರಿಗೆಲ್ಲ ಆ ಮುಖದ ಚಹರೆ ಹೇಳಿಕೊಡುತ್ತಾನೆ. ಮುಂದಿನ ಮದುವೆಗೆ ಅವನೇನಾದರೂ ಬಂದರೆ ಚಪ್ಪರದ ಬಾಗಿಲಲ್ಲೇ ಗತಿ ಕಾಣಿಸುತ್ತಾರೆ. ನಾಯಿಯ ದೇಹದಲ್ಲಿ ಈ ವಿಚಾರಣೆ ಮುಗಿಯಲು ಹಿಡಿಯುವ ಕಾಲ ಸುಮಾರು 4ರಿಂದ 14 ದಿನ. ಅಲ್ಲಿಯವರೆಗೆ ಬಂದ ರಕ್ತಕಣ ನೆಮ್ಮದಿಯಾಗಿ ಆಮ್ಲಜನಕ ಹೊರುತ್ತಿರುತ್ತದೆ. ವಿಚಾರಣೆ ಮುಗಿದ ಮೇಲೆ ಉಳಿದ ಕಣಗಳು ಬೇಗ ನಾಶವಾಗುತ್ತವೆ, ಎರಡನೆಯ ಸಲ ಅದೇ ಬಗೆಯ ರಕ್ತ ಬಂದರೆ ದಾಳಿ ತಕ್ಷಣವೇ ಶುರು. ಮನುಷ್ಯರ ಎ-ಬಿ ಗುಂಪಿನ ವಿಷಯದಲ್ಲಾದರೋ ಸೋದರಮಾವ ಮೊದಲ ಮದುವೆಗೆ ಮೊದಲೇ ದೊಣ್ಣೆ ಹಿಡಿದು ನಿಂತಿರುತ್ತಾನೆ. ಬೆಕ್ಕಿನಲ್ಲೂ ಹೀಗೆಯೇ, ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಮೊದಲ ಸಲವೇ ಪ್ರಾಣಾಂತಿಕ. ನಾಯಿಗೆ ಮಾಡಿದ್ದನ್ನೇ ಬೆಕ್ಕಿಗೂ ಮಾಡಹೊರಡುವವರು ಇದನ್ನು ನೆನಪಿಡಬೇಕು.

ಇದರರ್ಥ ಪರೀಕ್ಷೆ ಬೇಡವೆಂದಲ್ಲ. ಗುಂಪು ನೋಡಲು, ಎರಡು ರಕ್ತಗಳನ್ನು ಬೆರೆಸಿ ಗರಣೆ ಕಟ್ಟುತ್ತದೆಯೇ ಎಂದು ಪರೀಕ್ಷಿಸಲು ಸಾಧ್ಯವಿದ್ದರೆ ಮೊದಲ ಸಲವೂ ಮಾಡಬೇಕು. ಎರಡನೆಯ ಸಲ ಮಾಡದೆ ಕೊಡಲೇಬಾರದು. ಡಿಇಎ ಪಟ್ಟಿಗೆ ಸೇರದ ಗುರುತುಗಳೂ ಇವೆ. ಹಿಂದೆ ರಕ್ತ ಪಡೆದಿದ್ದ ಒಂದು ಡಾಲ್ಮೇಷಿಯನ್‌ಗೆ ಹೊಂದುವ ರಕ್ತವೇ ಸಿಗದೆ ಹೋದದ್ದರಿಂದ ಪತ್ತೆಯಾದ ಡಾಲ್ ಎಂಬ ಗುರುತು 2007ರಲ್ಲಿ ವರದಿಯಾಯಿತು. ಆದರೆ ರಾತ್ರಿ ಹನ್ನೊಂದಕ್ಕೆ ಚಿಕಿತ್ಸಾಲಯದಲ್ಲಿ ಪರೀಕ್ಷೆಯ ಕಿಟ್ ಇಲ್ಲ, ನಾಯಿ ಏದುಸಿರು ಬಿಡುತ್ತಿದೆ ಎಂದಾಗ ನಾಯಿಯ ದೇಹ ಈ ಒಂದು ರಿಯಾಯಿತಿಯನ್ನು ಕೊಡುತ್ತದೆ.

ರಕ್ತ ವರ್ಗಾವಣೆಯ ಇತಿಹಾಸವೇ ಈ ರಿಯಾಯಿತಿಯ ಮೇಲೆ ನಿಂತಿದೆ. 1665ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರಿಚರ್ಡ್ ಲೋವರ್ ಎಂಬ ವೈದ್ಯ ಒಂದು ನಾಯಿಯ ರಕ್ತವನ್ನು ಅದು ಸಾಯುವ ಹಂತಕ್ಕೆ ಬರುವವರೆಗೆ ಹರಿಸಿ, ದೊಡ್ಡ ಮ್ಯಾಸ್ಟಿಫ್ ನಾಯಿಯ ಅಪಧಮನಿಯಿಂದ ನೇರವಾಗಿ ಅದಕ್ಕೆ ರಕ್ತ ಹಾಯಿಸಿದ. ಆ ನಾಯಿ ಚೇತರಿಸಿಕೊಂಡಿತು. ಕೊಟ್ಟ ನಾಯಿ ಉಳಿಯಲಿಲ್ಲ. ಆ ಕಾಲದ ವಿಜ್ಞಾನಕ್ಕೆ ನಾಯಿಯ ಮೇಲೆ ಕರುಣೆ ಇರಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಇಂಥದ್ದೇ ಪ್ರಯೋಗ ನಡೆದಾಗ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಅದನ್ನು ಬರೆದಿಟ್ಟ. ಅಧಿಕೃತ ಚರ್ಚನ್ನು ಒಪ್ಪದ ಕ್ವೇಕರ್ ಪಂಥದವನೊಬ್ಬನ ರಕ್ತವನ್ನು ಆ ಚರ್ಚಿನ ಹಿರಿಯ ಗುರು ಆರ್ಚ್‌ಬಿಷಪ್‌ಗೆ ಏರಿಸಿದರೆ ಏನಾದೀತು ಎಂದು ಊಟದ ಮೇಜಿನಲ್ಲಿ ನಗೆಚಾಟಿಕೆ ನಡೆಯಿತಂತೆ. ರಕ್ತದ ಜೊತೆ ಕುಲಗುಣವೂ ಹರಿಯುತ್ತದೆ ಎಂಬ ನಂಬಿಕೆ ನಮ್ಮೊಬ್ಬರ ಆಸ್ತಿಯಲ್ಲ.

ಆ ನಾಯಿಗಳು ಬದುಕಿದ್ದನ್ನು ಕಂಡೇ ಜನರಿಗೆ ಧೈರ್ಯ ಬಂದದ್ದು. 1667ರಲ್ಲಿ ಫ್ರಾನ್ಸ್‌ನ ಝಾನ್ ಬಾಪ್ಟಿಸ್ಟ್ ದೆನಿ ಕುರಿಮರಿಯ ರಕ್ತವನ್ನು ಒಬ್ಬ ಹುಡುಗನಿಗೆ ಏರಿಸಿದ, ಆಮೇಲೆ ಕರುವಿನ ರಕ್ತವನ್ನು ಇನ್ನೊಬ್ಬನಿಗೆ. ಎರಡನೆಯವನು ಸತ್ತ, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ಸುಮಾರು ಒಂದೂವರೆ ಶತಮಾನ ಯಾರೂ ಈ ವಿದ್ಯೆಯ ತಂಟೆಗೆ ಹೋಗಲಿಲ್ಲ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದ ಗುಂಪುಗಳನ್ನು ವಿವರಿಸಿದ ಮೇಲಷ್ಟೇ ಗೆಲುವು-ಸೋಲಿನ ಗುಟ್ಟು ತಿಳಿದದ್ದು. ನಾಯಿಯಲ್ಲೂ ಮನುಷ್ಯನಂತೆ ಮುಂಚಿತವಾಗಿ ಸಿದ್ಧವಾದ ಪ್ರತಿಕಾಯಗಳಿದ್ದಿದ್ದರೆ ಲೋವರ್‌ನ ಪ್ರಯೋಗ ಜೂಜಾಗುತ್ತಿತ್ತು.

ಇನ್ನು ಉಣ್ಣೆ ಜ್ವರ. ಮಲೆನಾಡಿನವರು ಉಣುಗು ಎನ್ನುವ ಈ ಪುಟ್ಟ ಜೀವಿ ನಾಯಿಗೆ ಹಲವು ರೋಗ ತರುತ್ತದೆ, ಅವುಗಳಲ್ಲಿ ಎರಡು ಮುಖ್ಯ. ಒಂದು, ಬಿಳಿ ರಕ್ತಕಣಗಳೊಳಗೆ ಗೂಡುಕಟ್ಟುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ. 1935ರಲ್ಲಿ ಅಲ್ಜೀರಿಯಾದಲ್ಲಿ ಇದನ್ನು ಮೊದಲು ಗುರುತಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನಾ ನಾಯಿಗಳು ನೂರಾರು ಸಂಖ್ಯೆಯಲ್ಲಿ ಸತ್ತಾಗ ಜಗತ್ತು ಗಮನಿಸಿತು. ಇನ್ನೊಂದು, ಕೆಂಪು ಕಣಗಳನ್ನೇ ಹೊಕ್ಕು ಒಡೆಯುವ ಬಬೇಸಿಯಾ ಎಂಬ ಏಕಕೋಶ ಪರೋಪಜೀವಿ. ಅದರಲ್ಲಿ ಬಬೇಸಿಯಾ ಗಿಬ್ಸೋನಿ ಎಂಬುದು ನಮ್ಮ ದಕ್ಷಿಣದ್ದೇ: 1910ರಲ್ಲಿ ಪ್ಯಾಟನ್ ಎಂಬವರು ಅದನ್ನು ಮದ್ರಾಸಿನ ಬೇಟೆ ನಾಯಿಗಳ ರಕ್ತದಲ್ಲಿ, ಆಮೇಲೆ ನರಿಯ ರಕ್ತದಲ್ಲಿ ಕಂಡು ವರದಿ ಮಾಡಿದರು. ಬಬೇಸಿಯಾ ಹತ್ತಿದ ನಾಯಿಯ ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಮೇಲ್ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣವಿರಬೇಕಾದ ಒಸಡು ಬಿಳಿಚಿಕೊಂಡಿರುತ್ತದೆ. ಎರ್ಲಿಕಿಯಾದಲ್ಲಿ ಪ್ಲೇಟ್‌ಲೆಟ್ ಕುಸಿದು ಹೊಟ್ಟೆಯ ಚರ್ಮದ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು ಏಳುತ್ತವೆ, ಮೂಗಿನಿಂದ ರಕ್ತ ಸೋರುತ್ತದೆ. ಇದಕ್ಕೆ ಮದ್ದು ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ ನಾಲ್ಕು ವಾರ. ಪರಂಗಿ ಎಲೆಯ ರಸ ಆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ; ಅದನ್ನು ಕುಡಿಸುತ್ತಾ ಕಳೆದ ಎರಡು ದಿನ ನಾಯಿಯ ಪಾಲಿಗೆ ನಷ್ಟ.

ರಕ್ತ ರೋಗವನ್ನು ಗುಣಪಡಿಸುವುದಿಲ್ಲ. ಮದ್ದು ಕೆಲಸ ಮಾಡುವವರೆಗೆ ನಾಯಿಯನ್ನು ಉಳಿಸಿಕೊಡುತ್ತದೆ. ಲೆಕ್ಕ ಸರಳ. ಒಂದು ಕೆ.ಜಿ. ತೂಕಕ್ಕೆ 2 ಮಿ.ಲೀ. ರಕ್ತ ಕೊಟ್ಟರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪ್ರಮಾಣ ಸುಮಾರು 1 ಅಂಶದಷ್ಟು ಏರುತ್ತದೆ. ಆರೋಗ್ಯವಂತ ನಾಯಿಯಲ್ಲಿ ಈ ಪ್ರಮಾಣ ಸುಮಾರು ಶೇ 37ರಿಂದ 55. 20 ಕೆ.ಜಿ.ಯ ನಾಯಿಯಲ್ಲಿ ಅದು 12ಕ್ಕೆ ಇಳಿದಿದ್ದರೆ 22ಕ್ಕೆ ತರಲು 400 ಮಿ.ಲೀ. ಸಾಕು, ಅಂದರೆ ಒಂದು ನಾಯಿಯ ಒಂದು ಚೀಲ. ಪ್ಲೇಟ್‌ಲೆಟ್ ಮಾತ್ರ ಇದರಿಂದ ಹೆಚ್ಚು ಏರುವುದಿಲ್ಲ. ಒಂದು ಚೀಲ ಕೊಟ್ಟ ಮೇಲೂ ಪ್ಲೇಟ್‌ಲೆಟ್ ಸಂಖ್ಯೆ ಹಾಗೇ ಇದೆ ಎಂದು ಯಾರಾದರೂ ಕಂಗಾಲಾದರೆ ಅವರಿಗೆ ಇದನ್ನು ಹೇಳಬೇಕು.

ಕೊಡುವ ನಾಯಿಗೆ ಏನಾಗುತ್ತದೆ? 30 ಕೆ.ಜಿ. ನಾಯಿಯ ಮೈಯಲ್ಲಿ ಎರಡೂವರೆ ಲೀಟರ್‌ನಷ್ಟು ರಕ್ತವಿರುತ್ತದೆ. ತೆಗೆಯುವುದು 450 ಮಿ.ಲೀ., ಐದನೇ ಒಂದು ಭಾಗಕ್ಕಿಂತ ಕಡಿಮೆ. ಕತ್ತಿನ ಒಂದು ಪಕ್ಕದ ಕೂದಲನ್ನು ಅಂಗೈಯಷ್ಟು ಜಾಗದಲ್ಲಿ ಬೋಳಿಸಿ, ಕತ್ತಿನ ದೊಡ್ಡ ಅಭಿಧಮನಿಗೆ ಸೂಜಿ ಹಾಕುತ್ತಾರೆ. ಚೀಲ ಮೇಜಿಗಿಂತ ಕೆಳಗೆ ಪುಟ್ಟ ತಕ್ಕಡಿಯ ಮೇಲೆ ಮಲಗಿರುತ್ತದೆ; ಒಳಗಿನ ದ್ರಾವಣದೊಂದಿಗೆ ಬೆರೆತು ಹೆಪ್ಪುಗಟ್ಟದಿರಲಿ ಎಂದು ಒಬ್ಬರು ಅದನ್ನು ಆಗಾಗ ಅಲುಗಾಡಿಸುತ್ತಿರುತ್ತಾರೆ. ಮಾಲೀಕರ ಕೆಲಸ ತಲೆಯ ಬಳಿ ನಿಂತು ಕಿವಿಯ ಹಿಂದೆ ಕೆರೆಯುತ್ತಾ ಮಾತಾಡಿಸುವುದು. ದ್ರವದ ಭಾಗ ಒಂದೆರಡು ದಿನದಲ್ಲಿ, ಕಣಗಳು ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತವೆ. ಎರಡು ಮೂರು ತಿಂಗಳ ಅಂತರ ಕೊಟ್ಟರೆ ನಾಯಿ ಸೊರಗುವ ಮಾತಿಲ್ಲ. ಚೆನ್ನೈನ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನಲ್ಲಿರುವಂಥ ನಾಯಿಗಳ ರಕ್ತನಿಧಿ ನಮ್ಮ ದೇಶದಲ್ಲಿ ಬಹಳ ಕಡಿಮೆ. ಉಳಿದೆಡೆ ನೆರೆಮನೆಯ ನಾಯಿಯೇ ರಕ್ತನಿಧಿ.

ಆದರೆ ಕೊಡುವ ನಾಯಿಯ ರಕ್ತವನ್ನು ಉಣ್ಣೆಯ ರೋಗಗಳಿಗಾಗಿ ಪರೀಕ್ಷಿಸಲೇಬೇಕು. ನೋಡಲು ಗಟ್ಟಿಮುಟ್ಟಾಗಿದೆ ಎಂಬುದು ಸಾಲದು. ಎರ್ಲಿಕಿಯಾ ಮೈಸೇರಿದ ಮೊದಲ ಕೆಲವು ವಾರಗಳ ಜ್ವರ ತಾನಾಗಿಯೇ ಇಳಿಯಬಹುದು, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದು ಸದ್ದಿಲ್ಲದೆ ಇರಬಲ್ಲದು. ನಾಯಿ ಉಣ್ಣುತ್ತದೆ, ಓಡುತ್ತದೆ, ಕೊರಿಯರ್‌ನವನಿಗೆ ಬೊಗಳುತ್ತದೆ. ಒಳಗೆ ಕೆಲವು ನಾಯಿಗಳಲ್ಲಿ ಅಸ್ಥಿಮಜ್ಜೆ ನಿಧಾನವಾಗಿ ಬರಿದಾಗುತ್ತಿರುತ್ತದೆ. ಆ ಹಂತ ಮುಟ್ಟಿದ ಮೇಲೆ ಒಳ್ಳೆಯ ವೈದ್ಯರು, ಸರಿಯಾದ ಮದ್ದು, ಎರಡು ಚೀಲ ರಕ್ತ ಎಲ್ಲ ಇದ್ದೂ ನಾಯಿ ಉಳಿಯದೆ ಹೋಗುತ್ತದೆ.

ನಾಯಿ ಕಳೆದುಕೊಂಡ ಮನೆಯಲ್ಲಿ ಹೆಚ್ಚು ಕೇಳಿಬರುವ ಮಾತು, “ಮೊದಲೇ ಗೊತ್ತಾಗಬೇಕಿತ್ತು, ನಾವೇ ಗಮನಿಸಲಿಲ್ಲ.” ಅಲ್ಲಿಗೆ ಹೋದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಹೇಳುತ್ತಾರೆ: ಯಾರದೋ ದೃಷ್ಟಿ ತಾಗಿತು, ಇಲ್ಲವೇ ನಿಮ್ಮ ಮನೆಗೆ ಬರಬೇಕಿದ್ದ ಗಂಡಾಂತರವನ್ನು ಅದು ತೆಗೆದುಕೊಂಡು ಹೋಯಿತು. ಎರಡನೆಯದನ್ನು ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ತಪ್ಪಿತಸ್ಥ ಭಾವನೆಯಲ್ಲಿ ಕುದಿಯುತ್ತಿರುವವರಿಗೆ ಅದು ಇನ್ನೊಂದು ಋಣವನ್ನು ಹೊರಿಸುತ್ತದೆ: ನನಗಾಗಿ ಸತ್ತಿತು ಎಂಬುದು. ಅದಕ್ಕಿಂತ ಎರ್ಲಿಕಿಯಾ ಹೇಗೆ ಅಡಗಿರುತ್ತದೆ ಎಂದು ಐದು ನಿಮಿಷ ಕೂತು ಹೇಳುವುದು ಮೇಲು. ರಕ್ತಪರೀಕ್ಷೆ ಮಾಡಿಸದೆ ಯಾರ ಕಣ್ಣಿಗೂ ಬೀಳದಿದ್ದದ್ದು ನಿಮ್ಮ ಕಣ್ಣಿಗೂ ಬೀಳಲಿಲ್ಲ. ಇದು ಸಮಾಧಾನಕ್ಕಾಗಿ ಹೇಳಿದ ಸುಳ್ಳಲ್ಲ.

ರಕ್ತ ಕೊಟ್ಟ ನಾಯಿಯ ಮನೆಯವರನ್ನು ಯಾರೂ ವಿಚಾರಿಸುವುದಿಲ್ಲ. ನಮ್ಮ ರಕ್ತವೇ ಹೊಂದಲಿಲ್ಲವೇನೋ ಎಂದು ಅವರೂ ನಿದ್ದೆಗೆಟ್ಟಿರುತ್ತಾರೆ. ಹೊಂದದ ರಕ್ತದ ತೀವ್ರ ಪ್ರತಿಕ್ರಿಯೆ ರಕ್ತ ಏರಿಸುತ್ತಿರುವಾಗಲೇ, ಇಲ್ಲವೇ ಕೆಲವು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ: ವಾಂತಿ, ಜ್ವರ, ಕೆಂಪು ಮೂತ್ರ. ಅದೇನೂ ಆಗದೆ ಮೂರು ದಿನ ಬದುಕಿ ಹೋದ ನಾಯಿಯನ್ನು ಒಯ್ದದ್ದು ಬಹುಮಟ್ಟಿಗೆ ರೋಗವೇ. ಆ ಮನೆಗೂ ಒಂದು ಫೋನ್ ಮಾಡಿ.

ತಿಂಗಳು ಕಳೆದು, ಮಕ್ಕಳ ಕಾಟಕ್ಕೋ ಮನೆಯ ಬಿಕೋ ಎನ್ನುವ ಮೌನಕ್ಕೋ ಹೊಸ ಮರಿ ತರುವ ಮಾತು ಬರುತ್ತದೆ. ಆಗ ಗೆಳೆಯರಾಗಿ ಮಾಡಬಹುದಾದ ಕೆಲಸ ಮರಿ ಹುಡುಕಿಕೊಡುವುದಲ್ಲ, ಟಾರ್ಚ್ ಹಿಡಿದು ಅವರ ಮನೆಗೆ ಹೋಗುವುದು. ಕಂದು ಉಣ್ಣೆ ಮನೆಯೊಳಗೇ ಸಂಸಾರ ಹೂಡಬಲ್ಲದು. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೂಲಕ ಎರ್ಲಿಕಿಯಾ ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಆದರೆ ತೀರಿಹೋದ ನಾಯಿ ಬದುಕಿದ್ದಾಗ ಅದರ ರಕ್ತ ಹೀರಿ ಉದುರಿದ ಮರಿ ಉಣ್ಣೆ ಬೆಳೆದು ದೊಡ್ಡದಾಗುವಾಗ ರೋಗವನ್ನೂ ಒಯ್ಯುತ್ತದೆ, ದೊಡ್ಡದಾದ ಮೇಲೆ ಏನೂ ತಿನ್ನದೆ ವರ್ಷಕ್ಕೂ ಮೀರಿ ಕಾಯಬಲ್ಲದು. ಹಾಗಾಗಿ ಹಳೆಯ ಗೋಣಿ, ಹಾಸಿಗೆಗಳನ್ನು ಎಸೆದು, ವೈದ್ಯರು ಹೇಳಿದ ಉಣ್ಣೆನಾಶಕ ಸಿಂಪಡಿಸಿ, ಮರಿ ಬಂದ ದಿನದಿಂದಲೇ ಅದಕ್ಕೆ ತಕ್ಕ ಉಣ್ಣೆ ನಿವಾರಕ ಶುರುಮಾಡಬೇಕು. ಹುಡುಕುವವರು ಸಾಮಾನ್ಯವಾಗಿ ನೆಲ ನೋಡಿ ಬಿಡುತ್ತಾರೆ. ಈ ಉಣ್ಣೆ ಮೇಲಕ್ಕೆ ಹತ್ತುವ ಜಾತಿ. ಬಾಗಿಲ ಚೌಕಟ್ಟಿನ ಮೇಲಂಚು, ಕಾಂಪೌಂಡ್ ಗೋಡೆಯ ಬಿರುಕು, ಪರದೆಯ ಮಡಿಕೆಯ ಹಿಂಭಾಗ, ಅಟ್ಟದ ಮೂಲೆ ಇವನ್ನು ನೋಡಿ.