ಜೀನ್ ಬಾಯಿ ಮುಚ್ಚಿಸುವುದು ಅಂದರೆ ಅದನ್ನು ಕಿತ್ತುಹಾಕುವುದಾ?

ಪ್ರಶ್ನೆ: ಪುಟಾಣಿ ಆರ್‌ಎನ್‌ಎಗಳು ಗಿಡದ ಜೀನ್‌ಗಳನ್ನು ‘ಸೈಲೆನ್ಸ್’ ಮಾಡುತ್ತವೆ ಅಂತ ಓದಿದೆ. ಹಾಗಂದರೆ ಆ ಜೀನ್ ಗಿಡದಿಂದ ಹೊರಟೇ ಹೋಗುತ್ತದಾ?

ಇಲ್ಲ. ಜೀನ್ ಇದ್ದ ಜಾಗದಲ್ಲೇ ಇರುತ್ತದೆ, ಅದರ ಮಾತು ಮಾತ್ರ ನಡೆಯುವುದಿಲ್ಲ. ನಂಬಿಕೆ ಬರಬೇಕಾದರೆ ಸೋಯಾ ಕಾಳು ನೋಡಿ.

ಬೀದರ್, ಬೆಳಗಾವಿ ಕಡೆ ಹೊಲದಲ್ಲಿ ಬೆಳೆಯುವ ಸೋಯಾ ಹಳದಿ. ಅದರ ಕಾಡು ಮೂಲದ ಕಾಳು ಮಾತ್ರ ಕಪ್ಪು. ಬಣ್ಣ ಕಟ್ಟಲು ಬೇಕಾದ ಜೀನ್ ಹಳದಿ ತಳಿಯಲ್ಲೂ ಇದೆ. ಎಷ್ಟೋ ಹಳದಿ ಕಾಳಿನ ಗಿಡಗಳು ನೇರಳೆ ಹೂ ಬಿಡುವುದು ಅದರಿಂದಲೇ. ಸಿಪ್ಪೆಯಲ್ಲಿ ಮಾತ್ರ ಅದರ ಆಟ ಸಾಗುವುದಿಲ್ಲ.

ಯಾಕೆ? ಡಿಎನ್‌ಎ ಅನ್ನುವುದು ಕಚೇರಿ ಬೀರುವಿನಲ್ಲಿರುವ ಮೂಲ ದಾಖಲೆ ಅಂದುಕೊಳ್ಳಿ. ಕೆಲಸಕ್ಕೆ ಓಡಾಡುವುದು ಅದರ ನಕಲು, ಅಂದರೆ ಸಂದೇಶದ ಆರ್‌ಎನ್‌ಎ. ಈ ನಕಲು ಸಾಮಾನ್ಯವಾಗಿ ಒಂಟಿ ಎಳೆ. ಹಳದಿ ಸೋಯಾದಲ್ಲಿ ಬಣ್ಣದ ಜೀನ್‌ನ ಕೆಲವು ಪ್ರತಿಗಳು ತಲೆಕೆಳಗಾಗಿ ಎದುರುಬದುರು ಕೂತಿವೆ. ಅಲ್ಲಿಂದ ಹೊರಟ ನಕಲು ತನ್ನ ಮೇಲೇ ಮಡಚಿಕೊಂಡು ಜೋಡಿ ಎಳೆ ಆಗುತ್ತದೆ. ಜೋಡಿ ಎಳೆ ಕಂಡರೆ ಗಿಡಕ್ಕೆ ಅನುಮಾನ. ಡೈಸರ್ ಅನ್ನುವ ಪ್ರೊಟೀನ್ ಅದನ್ನು 21ರಿಂದ 24 ಅಕ್ಷರಗಳ ತುಂಡುಗಳಾಗಿ ಕೊಚ್ಚುತ್ತದೆ. ನೀವು ಓದಿದ ಪುಟಾಣಿ ಆರ್‌ಎನ್‌ಎಗಳು ಇವೇ. ಅರ್ಗೊನಾಟ್ ಎಂಬ ಇನ್ನೊಂದು ಪ್ರೊಟೀನ್ ಆ ತುಂಡಿನ ಒಂದು ಎಳೆಯನ್ನು ಹಿಡಿದು, ಅದಕ್ಕೆ ಹೊಂದುವ ನಕಲುಗಳನ್ನು ಹುಡುಕಿ ಹುಡುಕಿ ಕತ್ತರಿಸುತ್ತದೆ. ಪೋಲೀಸರ ಕೈಯಲ್ಲಿ ಕಳ್ಳನ ಫೋಟೋ ಇದ್ದ ಹಾಗೆ! ನಕಲೇ ಉಳಿಯದಿದ್ದರೆ ಬಣ್ಣ ಎಲ್ಲಿಂದ ಬರಬೇಕು?

(ಇನ್ನೊಂದು ದಾರಿಯೂ ಇದೆ. 24 ಅಕ್ಷರದ ತುಂಡುಗಳು ಡಿಎನ್‌ಎ ಮೇಲೇ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುರುತು ಹಾಕಿಸುತ್ತವೆ. ಅದು ಬೀರುವಿಗೇ ಬೀಗ. ಆಗಲೂ ಒಳಗಿನ ಬರಹ ಬದಲಾಗುವುದಿಲ್ಲ.)

ಈ ಗುಟ್ಟು ಬಿಚ್ಚಿಕೊಂಡಿದ್ದು ಒಂದು ಎಡವಟ್ಟಿನಿಂದ. 1990ರಲ್ಲಿ ಅಮೆರಿಕದ ಕ್ಯಾರೊಲಿನ್ ನಪೋಲಿ, ರಿಚರ್ಡ್ ಜೋರ್ಗೆನ್ಸನ್ ತಂಡ ಪೆಟೂನಿಯಾ ಹೂವಿಗೆ ಬಣ್ಣ ಜಾಸ್ತಿ ಆಗಲಿ ಅಂತ ಇದೇ ಜೀನ್‌ನ ಇನ್ನೊಂದು ಪ್ರತಿ ಸೇರಿಸಿತು. ಕೆಲವು ಗಿಡಗಳಲ್ಲಿ ಬಂದದ್ದು ಬಿಳಿ ಹೂ! ಸೇರಿಸಿದ್ದರ ಜೊತೆ ಮೊದಲಿದ್ದದ್ದೂ ಸುಮ್ಮನಾಗಿತ್ತು. ಗಿಡಗಳಲ್ಲಿ ಆ ಪುಟ್ಟ ತುಂಡುಗಳು ಕೈಗೆ ಸಿಕ್ಕಿದ್ದು 1999ರಲ್ಲಿ, ಇಂಗ್ಲೆಂಡಿನ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೌಲ್‌ಕೂಂಬ್ ಅವರಿಗೆ.

ಗಿಡಕ್ಕೆ ಈ ಕತ್ತರಿ ಯಾಕೆ ಬೇಕಿತ್ತು? ಮುಖ್ಯವಾಗಿ ವೈರಸ್‌ಗಳಿಗಾಗಿ. ಗಿಡಕ್ಕೆ ಬರುವ ಬಹುಪಾಲು ವೈರಸ್‌ಗಳು ಆರ್‌ಎನ್‌ಎಯವು. ಮರಿ ಹಾಕುವಾಗ ಅವೂ ಜೋಡಿ ಎಳೆ ಆಗಿ ಸಿಕ್ಕಿಬೀಳುತ್ತವೆ. ವೈರಸ್‌ಗಳೇನು ಸುಮ್ನೆ ಬಿಡುತ್ತವಾ? ಕತ್ತರಿಯನ್ನೇ ಮೊಂಡು ಮಾಡುವ ಪ್ರೊಟೀನ್‌ಗಳನ್ನು ಜೊತೆಗೇ ತರುತ್ತವೆ.

ಈಗ ಮತ್ತೆ ಸೋಯಾಗೆ ಬನ್ನಿ. ಸೋಯಾಬೀನ್ ಮೊಸಾಯಿಕ್ ವೈರಸ್ ತಗುಲಿದ ಗಿಡದ ಹಳದಿ ಕಾಳಿನ ಮೇಲೆ ಎಷ್ಟೋ ಸಲ ಕಪ್ಪು ಅಥವಾ ಕಂದು ಮಚ್ಚೆ ಏಳುತ್ತದೆ. ಅದು ವೈರಸ್ ಬಳಿದ ಬಣ್ಣ ಅಲ್ಲ, ಕಾಳಿನದೇ ಹಳೇ ಬಣ್ಣ. ಕತ್ತರಿ ಮೊಂಡಾದ ಕಡೆಯೆಲ್ಲ ಜೀನ್ ಮತ್ತೆ ಬಾಯಿ ಬಿಟ್ಟಿದೆ. ಅದೇ ಮಚ್ಚೆ ಕಾಳು ಬಿತ್ತಿ, ಗಿಡ ವೈರಸ್ ಇಲ್ಲದೆ ಬೆಳೆದರೆ, ಬರುವುದು ಮತ್ತೆ ಹಳದಿ ಕಾಳೇ.