ಮಕ್ಕಳ ಲೈಂಗಿಕ ಶೋಷಣೆ: ಅಮೆರಿಕಾದ ಫೆಡರಲ್ ಕಾನೂನಲ್ಲಿ ಕೇಸ್ ಹೆಂಗೆ ನಡೆಯುತ್ತೆ

ಅಮೆರಿಕಾದಲ್ಲಿ ಸಾಮಾನ್ಯವಾಗಿ ಕ್ರೈಮ್ ಅಂದ್ರೆ ಆಯಾ ರಾಜ್ಯದ ಪೊಲೀಸು, ಆಯಾ ರಾಜ್ಯದ ಕೋರ್ಟು, ಹಂಗಿದ್ಮೇಲೆ ಮಕ್ಕಳ ಲೈಂಗಿಕ ಶೋಷಣೆಯ ಕೇಸಲ್ಲಿ ಫೆಡರಲ್ ಸರ್ಕಾರ, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರ, ಯಾಕೆ ಬರುತ್ತೆ ಅನ್ನೋದನ್ನ ಮೊದ್ಲು ತಿಳ್ಕೊಳ್ಳಿ. ಅಂತರರಾಜ್ಯ ವ್ಯಾಪಾರದ ಮೇಲೆ ಕಾನೂನು ಮಾಡೋ ಅಧಿಕಾರ ಅಲ್ಲಿನ ಕಾಂಗ್ರೆಸ್‌ಗಿದೆ (ಅಂದ್ರೆ ಅಲ್ಲಿನ ಸಂಸತ್ತಿಗೆ). ಹಂಗಾಗಿ ಮಗುವಿನ ಲೈಂಗಿಕ ಶೋಷಣೆಯ ಫೋಟೋ ಇಂಟರ್ನೆಟ್‌ನಲ್ಲಿ ಹೋಗಿದ್ರೆ ಆಯ್ತು, ಕೊನೆಗೆ ಫೋಟೋ ತೆಗೆದ ಫೋನು ಬೇರೆ ರಾಜ್ಯದಿಂದಲೋ ದೇಶದಿಂದಲೋ ಬಂದಿದ್ರೂ ಕೇಸ್ ನಿಲ್ಲುತ್ತೆ.

ಸೆಕ್ಷನ್‌ಗಳೆಲ್ಲ ಟೈಟಲ್ 18ರಲ್ಲಿವೆ, ಅಂದ್ರೆ ಫೆಡರಲ್ ಕಾನೂನು ಸಂಹಿತೆಯಲ್ಲಿ ಕ್ರೈಮ್‌ಗೆ ಸಂಬಂಧಿಸಿದ ಭಾಗದಲ್ಲಿ. 2251 ಅಂದ್ರೆ ಮಗುವನ್ನ ಬಳಸ್ಕೊಂಡು ಲೈಂಗಿಕ ಚಿತ್ರ ತಯಾರಿಸೋದು, ಮೊದಲ ಸಲಕ್ಕೇ ಕನಿಷ್ಠ 15, ಗರಿಷ್ಠ 30 ವರ್ಷ. 2422(ಬಿ) ಮಗುವನ್ನ ಆನ್‌ಲೈನ್‌ನಲ್ಲಿ ಲೈಂಗಿಕ ಕೃತ್ಯಕ್ಕೆ ಪುಸಲಾಯಿಸೋದಕ್ಕೆ, ಕನಿಷ್ಠ 10ರಿಂದ ಜೀವಾವಧಿ. ಲೈಂಗಿಕ ದಂಧೆಗಾಗಿ ಮಕ್ಕಳ ಸಾಗಾಣಿಕೆಗೆ 1591. ಇಲ್ಲೊಂದು ಕಡೆ ತುಂಬಾ ಜನ ಎಡವ್ತಾರೆ, ಎಷ್ಟೋ ರಾಜ್ಯಗಳಲ್ಲಿ ಸಮ್ಮತಿಯ ವಯಸ್ಸು 16, ಆದ್ರೆ ಚಿತ್ರದ ವಿಷಯದಲ್ಲಿ ಫೆಡರಲ್ ಕಾನೂನಿಗೆ 18ರ ಒಳಗಿನವರೆಲ್ಲ ಮಕ್ಕಳೇ, ಮಗು ಒಪ್ಕೊಂಡಿತ್ತು ಅನ್ನೋ ವಾದಕ್ಕೆ ಜಾಗವೇ ಇಲ್ಲ.

ಈಗ 2252ಎ, ಇಂಥ ಚಿತ್ರ ತರಿಸ್ಕೊಳ್ಳೋದು, ಇಟ್ಕೊಳ್ಳೋದಕ್ಕೆ ಸಂಬಂಧಿಸಿದ್ದು, ಇದೇ ಮುಖ್ಯ. ಚಿತ್ರ ತರಿಸ್ಕೊಂಡ ಅಂತ ಚಾರ್ಜ್ ಹಾಕಿದ್ರೆ ಕನಿಷ್ಠ 5 ವರ್ಷ, ಗರಿಷ್ಠ 20. ಬರೀ ಇಟ್ಕೊಂಡಿದ್ದ ಅಂತ ಹಾಕಿದ್ರೆ ಮೊದಲ ಸಲಕ್ಕೆ ಕನಿಷ್ಠ ಅನ್ನೋದೇ ಇಲ್ಲ, ಗರಿಷ್ಠ 10 (ಮಗು 12ರ ಒಳಗಿದ್ರೆ 20). ಡೌನ್‌ಲೋಡ್ ಮಾಡಿದವನು ತರಿಸ್ಕೊಂಡೂ ಇದಾನೆ, ಇಟ್ಕೊಂಡೂ ಇದಾನೆ, ಹಂಗಾಗಿ ಯಾವ ಚಾರ್ಜ್ ಅನ್ನೋದು ಪ್ರಾಸಿಕ್ಯೂಟರ್ ಕೈಲಿರುತ್ತೆ, ತಪ್ಪೊಪ್ಪಿಗೆಯ ಮಾತುಕತೆ ನಡೆಯೋದೂ ಬಹುಪಾಲು ಇದರ ಸುತ್ತಲೇ. ಅಷ್ಟೊಂದು ಅಧಿಕಾರ ಒಬ್ಬರ ಕೈಲಿ ಇರೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಕೇಸ್ ಶುರುವಾಗೋದು ಹೆಚ್ಚಾಗಿ ಹಿಂಗೆ. ಕಂಪನಿಯ ಸರ್ವರ್‌ನಲ್ಲಿ ಒಂದು ಫೈಲಿನ ಹ್ಯಾಶ್ ನಂಬರ್ (ಫೈಲಿನ ಬೆರಳಚ್ಚಿನಂಥ ಗುರುತು) ಮೊದಲೇ ಗೊತ್ತಿರೋ ಚಿತ್ರದ ನಂಬರ್‌ಗೆ ಹೊಂದುತ್ತೆ. ಸೆಕ್ಷನ್ 2258ಎ ಪ್ರಕಾರ ಕಂಪನಿ ಎನ್‌ಸಿಎಂಇಸಿ (ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಇರೋ ಅಮೆರಿಕಾದ ಸಂಸ್ಥೆ) ನಡೆಸೋ ಸೈಬರ್‌ಟಿಪ್‌ಲೈನ್ ಅನ್ನೋ ದೂರು ಕೇಂದ್ರಕ್ಕೆ ವರದಿ ಮಾಡ್ಲೇಬೇಕು (ಹುಡುಕ್ತಾ ಕೂರ್ಲೇಬೇಕು ಅಂತ ಮಾತ್ರ ಕಾನೂನು ಹೇಳಲ್ಲ, ಕಣ್ಣಿಗೆ ಬಿದ್ದರೆ ಹೇಳ್ಬೇಕು). ಅಲ್ಲಿಂದ ಪೊಲೀಸರಿಗೆ ಬರುತ್ತೆ, ಅವರು ಐಪಿ ಅಡ್ರೆಸ್ ಯಾರ ಕನೆಕ್ಷನ್ ಅಂತ ನೋಟಿಸ್ ಕೊಟ್ಟು ತಿಳ್ಕೊಂಡು, ಜಡ್ಜ್ ಹತ್ರ ಸರ್ಚ್ ವಾರಂಟ್ ತಗೊಂಡು, ಮನೆಯಲ್ಲಿರೋ ಫೋನು ಹಾರ್ಡ್‌ಡಿಸ್ಕು ಎಲ್ಲಾ ವಶಕ್ಕೆ ತಗೊಳ್ತಾರೆ. ಆದ್ರೆ ಐಪಿ ತೋರಿಸೋದು ಮನೆಯನ್ನ, ಮನುಷ್ಯನನ್ನಲ್ಲ. ಆ ಹೊತ್ತಲ್ಲಿ ಕೀಬೋರ್ಡ್ ಮುಂದೆ ಕೂತಿದ್ದವರು ಯಾರು, ಗೊತ್ತಿದ್ದೇ ಮಾಡಿದ್ರಾ ಅನ್ನೋದನ್ನ ಲಾಗಿನ್, ಚಾಟ್, ಫೋಲ್ಡರ್ ಹೆಸರು ಇವುಗಳಿಂದ ಸಾಬೀತು ಮಾಡ್ಬೇಕು. ಇನ್ನೊಂದು ವಿಷಯ, ಸಾಕ್ಷ್ಯದ ಚಿತ್ರಗಳ ಕಾಪಿ ಆರೋಪಿಯ ವಕೀಲರಿಗೂ ಸಿಗಲ್ಲ, ಸರ್ಕಾರದ ಜಾಗಕ್ಕೆ ಹೋಗಿ ನೋಡ್ಬೇಕು. ಅದು ನ್ಯಾಯವೇ, ಪ್ರತಿ ಕಾಪಿಯೂ ಆ ಮಗುವಿಗೆ ಮತ್ತೆ ಮಾಡೋ ಅನ್ಯಾಯ.

1982ರಲ್ಲಿ ಫರ್ಬರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇಂಥ ಚಿತ್ರಗಳಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಅಂದಿದ್ದೂ ಇದೇ ಕಾರಣಕ್ಕೆ, ಚಿತ್ರ ಅಂದ್ರೆ ದೌರ್ಜನ್ಯದ ಶಾಶ್ವತ ದಾಖಲೆ. 2018ರ ಕಾನೂನು ಬಂದ್ಮೇಲೆ ಇಂಥ ಚಿತ್ರ ಹಂಚಿದ, ಇಟ್ಕೊಂಡ ಪ್ರತಿ ಅಪರಾಧಿಯೂ ಸಂತ್ರಸ್ತರಿಗೆ ಕನಿಷ್ಠ 3,000 ಡಾಲರ್ ಕಟ್ಟಿಕೊಡ್ಬೇಕು.

ನಮಗೂ ಇದು ದೂರದ್ದಲ್ಲ. 2019ರಲ್ಲಿ ನಮ್ಮ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಅದೇ ಎನ್‌ಸಿಎಂಇಸಿ ಜೊತೆ ಒಪ್ಪಂದ ಮಾಡ್ಕೊಂಡಿದೆ, ಭಾರತದ ಐಪಿ ಇರೋ ಟಿಪ್‌ಗಳು ಆ ದಾರೀಲಿ ರಾಜ್ಯ ಪೊಲೀಸರಿಗೆ ಬರ್ತವೆ, ಕೇಸ್ ಮಾತ್ರ ಇಲ್ಲಿನ ಪೋಕ್ಸೋ ಸೆಕ್ಷನ್ 15, ಐಟಿ ಕಾಯ್ದೆ 67ಬಿ ಕೆಳಗೆ ದಾಖಲಾಗುತ್ತೆ.